ಸುಲೈಬಿಯಾದ ಹಳದಿ ಪುಡಿ

ಕುವೈತ್‌ಗೆ ಬಂದಿಳಿದ ಮರುದಿನದಿಂದಲೇ ನನಗೆ ಸಿಕ್ಕ ಉತ್ತರ ಒಂದೇ: ಬುಕ್ರಾ, ಅಂದರೆ ನಾಳೆ. ಹಳೆಯ ಹಸ್ತಪ್ರತಿಗಳ ಚಿತ್ರಗಳಿಗೆ ಬಣ್ಣ ಹೇಗೆ ಮಾಡುತ್ತಿದ್ದರೆಂದು ತಿಳಿಯಲು ಹೋದವಳು ನಾನು. ಅವುಗಳಿದ್ದ ಖಾಸಗಿ ಸಂಗ್ರಹವೊಂದರ ಕಚೇರಿ ಕಾಲೇಜಿನ ಪತ್ರ ಕೇಳಿತು. ಕೊಟ್ಟರೆ ಅದರ ಅರಬಿ ಅನುವಾದ ಕೇಳಿತು. ಅದನ್ನೂ ಒಯ್ದರೆ ಸಹಿ ಹಾಕುವವರು ರಜೆಯಲ್ಲಿದ್ದರು. ದಿನವೂ ನಾನಿಳಿದಿದ್ದ ರಿಗ್ಗೈಯಿಂದ ಟ್ಯಾಕ್ಸಿ ಹಿಡಿದು, ಒಲೆಯ ಬಾಯಿಂದ ಬಂದಂಥ ಗಾಳಿಯಲ್ಲಿ ಬೆಂದು, ಬರಿಗೈಯಲ್ಲಿ ಮರಳುತ್ತಿದ್ದೆ.

ಉಳಿದುಕೊಂಡದ್ದು ದೊಡ್ಡಮ್ಮನ ಮಗ ವಸಂತಣ್ಣನ ಮನೆಯಲ್ಲಿ. ಹೋಟೆಲಿನಲ್ಲಿ ಅಡುಗೆಯವನಾದ ಅವನಿಗೆ ಊರೆಲ್ಲ ಪರಿಚಯ. ಸುಲೈಬಿಯಾದ ಗೋದಾಮೊಂದರಲ್ಲಿ ಹಳೆಯ ಕ್ರಮದಲ್ಲೇ ಬಣ್ಣ ಅರೆಯುವ ಲಾಹೋರಿನ ಉಸ್ತಾದರೊಬ್ಬರನ್ನು ಪತ್ತೆಹಚ್ಚಿ, ಶುಕ್ರವಾರ ಕರೆದೊಯ್ದ.

ಉಸ್ತಾದರು ತೋರಿಸಿದ್ದು ಹರಿತಾಳ. ಚಿನ್ನದಂತೆ ಹೊಳೆಯಲೆಂದು ಚಿತ್ರಕಾರರು ಬಳಿಯುತ್ತಿದ್ದ ಹಳದಿ ಕಲ್ಲು. ಅದರಲ್ಲಿ ಆರ್ಸೆನಿಕ್ ಇದೆ. ಮುಖಕ್ಕೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ, ಗಾಜಿನ ಹಲಗೆಯ ಮೇಲೆ ಅರೆದರು. ಮೊದಲೇ ಅರೆದು ಒಣಗಿಸಿದ ಪುಡಿ ಪಕ್ಕದ ಬಟ್ಟಲಿನಲ್ಲಿತ್ತು. ವಸಂತಣ್ಣ ಅಷ್ಟು ಹೊತ್ತೂ ಹೊರಗೆ ಫೋನಿನಲ್ಲಿದ್ದ. ಒಳಗೆ ಬಂದವನೇ ಸಹಾಯ ಮಾಡುತ್ತೇನೆಂದು ಹಲಗೆ ಎತ್ತಿ ಬೆರಳು ಕೊಯ್ದುಕೊಂಡ. ನಾನು ಚೀಲದಲ್ಲಿ ಕರವಸ್ತ್ರ ಹುಡುಕುವಷ್ಟರಲ್ಲಿ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಬಟ್ಟಲಿನಿಂದ ಒಂದು ಚಿಟಿಕೆ ಹಳದಿ ತೆಗೆದು ಗಾಯಕ್ಕೆ ಒತ್ತಿದ್ದ.

"ಅಣ್ಣ, ಅದು ವಿಷ."

"ಅರಸಿನ ಅಲ್ವಾ? ಅಡುಗೆಯವನಿಗೆ ಹೇಳ್ತೀಯಾ ಮಾರಾಯ್ತಿ?"

ಉಸ್ತಾದರು ಅವನನ್ನು ನಲ್ಲಿಯ ಕೆಳಗೆ ಎಳೆದೊಯ್ದರು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನದ್ದು ಒಂದೇ ಗೊಣಗಾಟ: ಸಂಜೆ ಡ್ಯೂಟಿ ಇದೆ, ಇಷ್ಟಕ್ಕೆಲ್ಲ ಯಾರು ಆಸ್ಪತ್ರೆಗೆ ಹೋಗುತ್ತಾರೆ. ವೈದ್ಯರು ಗಾಯ ತೊಳೆದು ಹೊಲಿದರು, ರಕ್ತಪರೀಕ್ಷೆಗೆ ಕಳಿಸಿದರು. ವರದಿ ಬರುವತನಕ ಏನೂ ಹೇಳಲಾಗದು ಎಂದು ಅವನನ್ನು ಅಲ್ಲೇ ಉಳಿಸಿಕೊಂಡರು. ಹಳದಿ ಪುಡಿ ರಕ್ತದಲ್ಲಿ ನೆನೆದು ಕೇಸರಿಯಾಗುತ್ತಿದ್ದ ಆ ಬೆರಳು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಚೀಲ ಕೆಳಗೆ ಹಾಕಿ ಅವನ ಕೈ ಹಿಡಿದಿದ್ದರೆ ಎಂದು ಮತ್ತೆ ಮತ್ತೆ ಯೋಚಿಸುತ್ತೇನೆ.

ಮರುದಿನ ಬೆಳಗ್ಗೆ ಸಂಗ್ರಹದ ಕಚೇರಿಯಿಂದ ಫೋನ್. ಸಹಿ ಆಗಿದೆ, ಈಗಲೇ ಬರಬೇಕು, ನಾಳೆಯಿಂದ ಬೇಸಿಗೆ ಮುಗಿಯುವತನಕ ಮುಚ್ಚುತ್ತೇವೆ. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋಗಲಿಲ್ಲ. ಮಧ್ಯಾಹ್ನ ವರದಿ ಬಂತು: ವಿಷ ಏರಿರಲಿಲ್ಲ. ಫೋನಿನ ವಿಷಯ ತಿಳಿದ ವಸಂತಣ್ಣ ನನಗೇ ಬೈದ.

"ಅಲ್ಲಿಗೆ ಹೋಗದೆ ಇಲ್ಲಿ ಕೂತದ್ದಾ? ನಿಂಗೆ ತಲೆ ಸರಿ ಉಂಟಾ?"

ಒಂದೇ ಒಂದು ಹಸ್ತಪ್ರತಿಯನ್ನೂ ನೋಡದೆ ಹೊರಟೆ. ವಿಮಾನ ನಿಲ್ದಾಣದಲ್ಲಿ, ಹೊಲಿಗೆ ಬಿಚ್ಚುವವರೆಗೆ ಆ ಕೈಯಲ್ಲಿ ಭಾರ ಎತ್ತಬೇಡ ಎಂದು ಅವನಿಗೆ ಹೇಳಿ ಹೇಳಿ ಸಾಕಾಯಿತು. ಒಳಗೆ ಹೋಗಿ ಗಾಜಿನಾಚೆ ತಿರುಗಿ ನೋಡಿದೆ. ಗುರುತಿಲ್ಲದ ಯಾವುದೋ ಅಜ್ಜಿಯ ಸೂಟ್‌ಕೇಸನ್ನು ವಸಂತಣ್ಣ ಗಾಡಿಗೆ ಎತ್ತಿಡುತ್ತಿದ್ದ, ಅದೇ ಬ್ಯಾಂಡೇಜಿನ ಕೈಯಲ್ಲಿ.