ದೊಡ್ಡ ನಂಬರಿನ ಬೆಳಕು

ಕಬ್ಬು ಹೇರಿದ ಟ್ರೇಲರಿನ ಬೆನ್ನಿಗೆ ದೀಪ ಇರುವುದಿಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ಹಂಗಾಮಿನಲ್ಲಿ ಯಾರಾದರೊಬ್ಬರು ಹೋಗಿ ಗುದ್ದುತ್ತಾರೆ. ಆ ಫೆಬ್ರವರಿಯ ಒಂದು ನಸುಕಿನಲ್ಲಿ ಗುದ್ದಬೇಕಾದವನು ನಾನಾಗಿದ್ದೆ. ಹೊಳೆದಂಡೆಯ ತಿರುವಿನಲ್ಲಿ ಟೈರು ಪಂಕ್ಚರಾಗಿ ಒಂದು ಟ್ರೇಲರು ನಿಂತಿತ್ತು. ನನ್ನ ಹಳೆಯ ಕಾರಿನ ಹಳದಿ ಬೆಳಕಿಗೆ ಅದು ಕಂಡಾಗ ಕಬ್ಬಿನ ತುದಿಗಳು ಬಾನೆಟ್ಟಿನ ಮೇಲೇ ಬಂದಿದ್ದವು. ಪುಣ್ಯಕ್ಕೆ ಬ್ರೇಕು ಹಿಡಿಯಿತು. ಪಕ್ಕದಲ್ಲಿದ್ದ ಹೆಂಡತಿ ಕಿರುಚಲಿಲ್ಲ. ಸುಮ್ಮನೆ ಇಳಿದು, ಸೆರಗು ಸರಿಮಾಡಿಕೊಂಡು, ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತಳು.

“ಹತ್ತ ಬಾ,” ಎಂದೆ.

“ಹೊತ್ತು ಹೊಂಡಲಿ. ಇನ್ನ ಮ್ಯಾಲೆ ಕತ್ತಲಾಗ ಈ ಗಾಡ್ಯಾಗ ನಾ ಕುಂಡ್ರೂದಿಲ್ಲ. ನೀವು ಬೇಕಾದ್ರ ನಿಮ್ಮ ಗಾಡೀನ ಮುದ್ದಾಡ್ಕೋತ ಹೋಗ್ರಿ.”

ಬರೀ ಮನೆಯ ಜಗಳವಾಗಿದ್ದರೆ ಸಂಜೆಯೊಳಗೆ ರಾಜಿ ಮಾಡಿಕೊಳ್ಳುತ್ತಿದ್ದೆ. ಆದರೆ ನಮ್ಮ ವ್ಯಾಪಾರ ನಿಂತಿರುವುದೇ ಅವಳ ನಾಲಿಗೆಯ ಮೇಲೆ. ನಾವು ಒಣದ್ರಾಕ್ಷಿ ಕೊಳ್ಳುವವರು. ಬೆಳಕು ಹರಿಯುವ ಮೊದಲೇ ಕಾಗವಾಡ ಬಿಟ್ಟು, ಅಥಣಿ ಕಡೆಯ ಒಣಗಿಸುವ ಶೆಡ್ಡು ಮುಟ್ಟಿ, ಬೇರೆ ಖರೀದಿದಾರರು ಬರುವಷ್ಟರಲ್ಲಿ ಮಾತು ಮುಗಿಸಬೇಕು. ದರ ಮಾತಾಡುವುದು ನಾನು, ಮಾಲಿನ ಗುಣ ಹೇಳುವುದು ಅವಳು. ಒಂದು ಕಾಳು ಹಲ್ಲಿನಡಿ ಇಟ್ಟು ಎರಡು ಸಲ ಜಗಿದರೆ ಸಾಕು, ಗಂಧಕದ ಹೊಗೆ ಹೆಚ್ಚಾಗಿದೆಯೋ, ಒಳಗೆ ಹಸಿ ಉಳಿದಿದೆಯೋ, ಮಳೆಗಾಲದವರೆಗೆ ತಡೆಯುತ್ತದೆಯೋ, ಎಲ್ಲ ಹೇಳಿಬಿಡುತ್ತಾಳೆ. ಬಾಡಿಗೆ ಸೈಕಲ್ಲಿಗೆ ದ್ರಾಕ್ಷಿ ಬುಟ್ಟಿ ಕಟ್ಟಿಕೊಂಡು ಶುರುಮಾಡಿದವನು ನಾನು. ಮಾತಿನ ಬಲದಿಂದ ಮೇಲೆ ಬಂದೆ, ನಾಲಿಗೆಯ ಆ ವಿದ್ಯೆ ಮಾತ್ರ ಬರಲಿಲ್ಲ. ಅವಳಿಲ್ಲದೆ ಎರಡು ದಿನ ಹೋದೆ. ಎರಡೂ ದಿನ ಹುಳಿ ಹೊಡೆಯುವ ಮಾಲು ತಂದೆ.

ಹೀಗಾಗಿ ಕಾರಿಗೆ ಎಚ್‌ಐಡಿ ಎಂಬ ಪ್ರಖರ ಬಿಳಿ ಬೆಳಕಿನ ಹೆಡ್‌ಲೈಟು ಹಾಕಿಸಲು ನಿರ್ಧರಿಸಿ ಮಿರಜಿಗೆ ಹೋದೆ. ಅಂಗಡಿಯವನು ಮರಾಠಿಯಲ್ಲಿ ಶುರುಮಾಡಿ, ನನ್ನ ಊರು ಕೇಳಿ ಕನ್ನಡಕ್ಕೆ ಹೊರಳಿದ. ಎರಡು ಬಲ್ಬು, ಅವಕ್ಕೆ ಕರೆಂಟು ಏರಿಸಿ ಕೊಡುವ ಬ್ಯಾಲಸ್ಟ್ ಎಂಬ ಎರಡು ಡಬ್ಬಿ, ಜೊತೆಗೆ ದಪ್ಪ ವೈರಿನ ಒಂದು ಗಂಟು ಮುಂದಿಟ್ಟ. ಬಲ್ಬಿನ ಪೆಟ್ಟಿಗೆಯ ಮೇಲೆ 4300 ಎಂದಿತ್ತು. ಹಿಂದಿನ ಕಪಾಟಿನಲ್ಲಿ 8000 ಎಂದಿದ್ದದ್ದು ನನ್ನ ಕಣ್ಣಿಗೆ ಬಿತ್ತು.

“ಅದೇನದು?”

“ಅದು ಬ್ಯಾರೆ ಕಲರ್ ಐತ್ರಿ ಶೇಠ. ಹುಡುಗೂರು ಒಯ್ತಾರ. ನಿಮಗ ಇದಾ ಬರೋಬರಿ.”

“ಹುಡುಗೂರಿಗೆ ಎಂಟು ಸಾವಿರ, ನನಗ ನಾಕು ಸಾವಿರ? ಆ ವೈರಿನ ಗಂಟು ನೀ ಇಟ್ಕೊ, ನಮ್ಮ ಗಾಡ್ಯಾಗ ವೈರ್ ಐತಿ. ಅದರ ಬದ್ಲಿ ಇದಾ ರೇಟಿಗೆ ಆ ದೊಡ್ಡ ನಂಬರ ಕೊಡು.”

ಅವನು ನನ್ನನ್ನೊಮ್ಮೆ ನೋಡಿ, “ತುಮಚೀ ಮರ್ಜಿ,” ಎಂದು ಕಟ್ಟಿಕೊಟ್ಟ. ಜಗ್ಗಾಡದೆ ಒಪ್ಪಿದ ಅಂಗಡಿಯವನ ಎದುರು ನಿಂತು ಯೋಚಿಸಬೇಕು. ಈ ಬುದ್ಧಿಯನ್ನು ನಾನೇ ಹತ್ತು ಜನರಿಗೆ ಹೇಳಿದ್ದೇನೆ. ಅಂದು ಮಾತ್ರ ಗೆದ್ದೆನೆಂದುಕೊಂಡು ಊರಿನವರೆಗೆ ಸೀಟಿ ಹೊಡೆಯುತ್ತ ಬಂದೆ.

ನಮ್ಮೂರ ಮಿಸ್ತ್ರಿ ಟ್ರ್ಯಾಕ್ಟರುಗಳ ಡೈನಮೊ ಬಿಚ್ಚುತ್ತಲೇ ಮುದುಕನಾದವನು. ಬಲ್ಬನ್ನು ಬುಡದಿಂದ ಹಿಡಿದು ಎತ್ತಿದ. “ಗಾಜ ಮುಟ್ಟಬ್ಯಾಡ್ರಿ ಅಣ್ಣಾರ. ಬೆರಳಿನ ಜಿಡ್ಡು ಕುಂತ್ರ ಅಲ್ಲೇ ಸುಟ್ಟು ಒಡೀತೈತಿ.”

ನಾನು ಕಣ್ಣು ಕಿರಿದು ಮಾಡಿ ನೋಡಿದೆ. “ಇದರಾಗ ತಂತೀನ ಇಲ್ಲಲ್ಲೋ!”

“ತಂತಿ ಇಲ್ರಿ. ಎರಡು ಮೊಳೆ, ನಡುವ ಗ್ಯಾಸು, ಚಿಟಿಕಿ ಉಪ್ಪು. ಸ್ವಿಚ್ ಒತ್ರಿ, ನೋಡ್ರಿ.”

ಒತ್ತಿದೆ. ಟಿಕ್ಕೆಂದು ಒಂದು ನೇರಳೆ ಕಿಡಿ ಹಾರಿತು. ಅದು ಆರಲಿಲ್ಲ, ಹುಣಸೆ ಬೀಜದಷ್ಟು ಗಾಜಿನೊಳಗೆ ನಿಂತುಕೊಂಡಿತು. ನಿಂತಲ್ಲೇ ಬಣ್ಣ ಬದಲಿಸುತ್ತ, ಹಾಲು ಉಕ್ಕಿದಂತೆ ತುಂಬುತ್ತ ಬಂತು. ಮಿಂಚು ಬಂದು ಹೋಗುವುದನ್ನು ಬದುಕಿಡೀ ನೋಡಿದ್ದೆ. ಬಂದು ಉಳಿದದ್ದನ್ನು ಅಂದೇ ನೋಡಿದ್ದು.

“ನಾಳೆ ನಸಿಕಿನ್ಯಾಗ ಮಂಜಿನ್ಯಾಗ ಹೋಗಿ ಬರ್ರಿ,” ಎಂದ ಮಿಸ್ತ್ರಿ ನಗುತ್ತ. “ಆಮ್ಯಾಲ ಮಾತಾಡೂಣು.”

ಮರುದಿನ ನಸುಕಿಗೆ ಒಬ್ಬನೇ ಹೊರಟೆ. ಹೊಳೆಯ ಹತ್ತಿರ ಮಂಜು ಸಿಕ್ಕಿತು, ನನ್ನ ಎಂಟು ಸಾವಿರದ ಬೆಳಕು ಅದಕ್ಕೆ ಬಡಿದು ನನ್ನ ಮುಖಕ್ಕೇ ಮರಳಿತು. ಎದುರಿಗೆ ನೀಲಿ ಗೋಡೆ. ರಸ್ತೆ ಇಲ್ಲ, ಕಬ್ಬು ಇಲ್ಲ. ಸಾಲದ್ದಕ್ಕೆ ಎಡಗಡೆಯ ದೀಪ ಪಿಳಿಪಿಳಿ ಮಾಡಿ ಆರಿತು. ಎದುರಿನಿಂದ ಬಂದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ಇಳಿದೇಬಿಟ್ಟ.

“ಏ, ಕಣ್ಣಿಗೆ ಸೂಜಿ ಚುಚ್ಚತಿಯೇನಲೇ? ಇನ್ನೊಂದು ಮೊಳ ಆಗಿದ್ರ ಕಾಲಿವ್ಯಾಗ ಇರ್ತಿದ್ದೆ! ಲಗ್ನದ ಮಂಟಪಕ್ಕ ಹಚ್ಚು ಹೋಗು ಇದನ್ನ!”

ಟ್ರೇಲರಿಗೆ ಗುದ್ದಬಾರದೆಂದು ಹೊರಟವನು ಟ್ರ್ಯಾಕ್ಟರನ್ನೇ ಕಾಲುವೆಗೆ ಕೆಡವುತ್ತಿದ್ದೆ.

ಮಿಸ್ತ್ರಿ ಎಲ್ಲ ಕೇಳಿ ಹೇಳಿದ: “ಆ ನಂಬರ ಬೆಳಕಿನ ತೂಕ ಅಲ್ರಿ, ಬಣ್ಣ. ಮ್ಯಾಲ ಹೋದಂಗ ನೀಲಿ ಆಗ್ತೈತಿ, ದಾರಿ ಕಾಣೂದು ಕಡಿಮಿ ಆಗ್ತೈತಿ. ಒಣದ್ರಾಕ್ಷಿಗೆ ನೀವು ಬರೇ ಬಣ್ಣ ನೋಡಿ ರೊಕ್ಕ ಕೊಡ್ತೀರೇನು?”

“ಇಲ್ಲಪ, ನಮ್ಮನಿಯಾಕಿ ತಿಂದು ಮಾರಿ ಹೆಂಗ ಮಾಡ್ತಾಳ ನೋಡಿ ಕೊಡ್ತೇನಿ.”

ಆಮೇಲೆ ಅವನು ಎಡಗಡೆಯ ದೋಷ ಹುಡುಕಿದ ರೀತಿಯನ್ನು ನೀವೂ ನೆನಪಿಡಿ, ಉಪಯೋಗಕ್ಕೆ ಬರುತ್ತದೆ. ಮೊದಲು ಎಡದ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. ಆರಿದ್ದು ಎಡಗಡೆಯೇ, ಅಂದರೆ ಬಲ್ಬಿನ ತಪ್ಪಲ್ಲ. ಬ್ಯಾಲಸ್ಟ್‌ಗಳನ್ನೂ ಹಾಗೇ ಅದಲುಬದಲು ಮಾಡಿದ. ಮತ್ತೆ ಎಡಗಡೆಯೇ. ಹೊಸ ಸಾಮಾನು ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿದರೆ ಯಾರೂ ನಿಮಗೆ ಮೋಸ ಮಾಡಲಾರರು. ಕೊನೆಗೆ ಮೀಟರು ಹಚ್ಚಿದ. ಬ್ಯಾಟರಿಯಲ್ಲಿ ಕರೆಂಟು ಚೊಕ್ಕಟವಿತ್ತು, ಎಡದೀಪದ ಬಾಯಿಗೆ ಬರುವಷ್ಟರಲ್ಲಿ ಸೊರಗುತ್ತಿತ್ತು. ಗಾಡಿಯ ಹಳೆಯ ಸಣ್ಣ ವೈರು ಆ ಮೊದಲ ಕಿಡಿಯ ಹಸಿವಿಗೆ ಸಾಲುತ್ತಿರಲಿಲ್ಲ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆಯಬೇಕಿತ್ತು.

“ಮಿರಜಿನ್ಯಾಂವ ವೈರಿನ ಗಂಟ ಕೊಡ್ಲಿಲ್ಲೇನ್ರಿ?”

“ಕೊಟ್ಟಿದ್ದ.”

“ಎಲ್ಲೈತಿ?”

“ಅದನ್ನ ಬಿಟ್ಟ ದೊಡ್ಡ ನಂಬರ ತಂದೇನಿ.”

ಮುದುಕ ನಕ್ಕ ನಗೆಗೆ ಅವನ ಕೈಯ ಪಾನಾ ಕೆಳಗೆ ಬಿತ್ತು.

ಮತ್ತೆ ಮಿರಜು. ಅಂಗಡಿಯವನು ಏನೂ ಕೇಳದೆ 4300ರ ಪೆಟ್ಟಿಗೆ, ವೈರಿನ ಗಂಟು ಎರಡನ್ನೂ ಮುಂದಿಟ್ಟ. ಎದುರಿನವರ ಕಣ್ಣಿಗೆ ಚುಚ್ಚದಿರಲು ಹಳೆಯ ಬಟ್ಟಲಿನ ದೀಪ ಸಾಲದು, ಗುಂಡು ಗಾಜಿನ ಪ್ರೊಜೆಕ್ಟರೇ ಬೇಕೆಂದು ಮಿಸ್ತ್ರಿ ಹೇಳಿದ್ದ, ಅದನ್ನೂ ತೆಗೆದುಕೊಂಡೆ. ಚೌಕಾಸಿ ಮಾಡಲಿಲ್ಲ.

ಎಲ್ಲ ಕೂರಿಸಿದ ದಿನ ಸಂಜೆ ಹೆಂಡತಿಯನ್ನೂ ಕರೆತಂದೆ. ಮಿಸ್ತ್ರಿಯ ಅಂಗಳದ ಸುಣ್ಣದ ಗೋಡೆಗೆ ಮುಖಮಾಡಿ ಕಾರು ನಿಲ್ಲಿಸಿ, ದೀಪ ಹಚ್ಚಿ, ಅವನು ಸ್ಕ್ರೂ ತಿರುಗಿಸುತ್ತ ಹೋದ. ಬೆಳಕಿಗೆ ಅಂಚು ಮೂಡಿತು. ಚಾಕುವಿನಿಂದ ಕೊಯ್ದ ಹಾಗೆ ಕೆಳಗೆ ಬಿಳಿ, ಮೇಲೆ ಕತ್ತಲು. ಗೋಡೆಯ ಮೇಲಿದ್ದ ಹಲ್ಲಿಯ ಬಾಲ ಬೆಳಕಿನಲ್ಲಿತ್ತು, ತಲೆ ಕತ್ತಲಲ್ಲಿತ್ತು. ನಾನು ಹೋಗಿ ಆ ಗೆರೆಯನ್ನು ಕೈಯಿಂದ ಮುಟ್ಟಿದೆ. ಬೆಳಕನ್ನು ಇಲ್ಲಿಗೆ ನಿಲ್ಲು ಅಂದರೆ ನಿಲ್ಲುತ್ತದೆ ಎಂದು ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ.

ಹೆಂಡತಿ ಗೋಡೆ ನೋಡಲಿಲ್ಲ. ಅಂಗಳದಲ್ಲಿ ರಿಪೇರಿಗೆ ಬಂದಿದ್ದ ಟ್ರ್ಯಾಕ್ಟರಿನ ಸೀಟು ಏರಿ ಕುಳಿತಳು. “ನನ್ನ ಎದರಿಗೆ ಗಾಡಿ ತಗೊಂಡ ಬರ್ರಿ.”

ಗಾಡಿ ತಂದು ಎದುರಿಗೆ ನಿಲ್ಲಿಸಿದೆ. ಅವಳು ಕಣ್ಣು ಮುಚ್ಚಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ.

“ಮಣಕಾಲತನ ಬರ್ತೈತಿ, ಮಾರಿಗೆ ಬರೂದಿಲ್ಲ,” ಎಂದು ಇಳಿದಳು. “ನಾಳೆ ಒಂದಿನ ಬರ್ತೇನಿ. ಒಂದಾ ದಿನ.”

ಮರುದಿನ ಹೊಳೆದಂಡೆಗೆ ಬಂದಾಗ ಅದೇ ಮಂಜು. ಆದರೆ ಈಗ ಬೆಳಕು ಅದರ ಕೆಳಗೆ ನುಸುಳಿ ರಸ್ತೆಯ ಮೇಲೆ ಚಾಪೆಯಂತೆ ಹಾಸಿತ್ತು. ಕಬ್ಬಿನ ಒಂದೊಂದು ಗರಿಯ ಏಣೂ ಕಾಣುತ್ತಿತ್ತು, ಗರಿಯ ತುದಿಯ ಹನಿಯೂ. ಇಷ್ಟು ವರ್ಷ ಓಡಾಡಿದ ದಾರಿಯನ್ನು ನಾನು ನೋಡಿಯೇ ಇರಲಿಲ್ಲವೆನ್ನಿಸಿತು. ಬಾಗಿಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದ ಹೆಂಡತಿಯೂ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಆಗ ಬಹಳ ದೂರದಲ್ಲಿ, ನೆಲಕ್ಕೆ ಹತ್ತಿರದಲ್ಲಿ, ಎರಡು ಕೆಂಪು ಚುಕ್ಕೆ ಹೊತ್ತಿಕೊಂಡವು. ಯಾರೋ ಟ್ರೇಲರಿನ ಹಿಂದೆ ಅಂಟಿಸಿದ್ದ ಎರಡು ರೇಡಿಯಂ ತುಂಡು. ಆಮೇಲೆ ಅವುಗಳ ಮೇಲೆ ಕಬ್ಬಿನ ರಾಶಿ ಮೂಡಿತು, ಪಕ್ಕದಲ್ಲಿ ಜಾಕು ಹಚ್ಚುತ್ತಿದ್ದವನ ಬೆನ್ನು ಮೂಡಿತು. ವೇಗ ತಗ್ಗಿಸಲು, ಬದಿಗೆ ಸರಿಯಲು, ಅವನಿಗೆ ಕೈ ಎತ್ತಲು ಕೂಡ ನನಗೆ ಹೊತ್ತಿತ್ತು.

ದಾಟಿದ ಮೇಲೆ ಅವಳು ಹಿಡಿಕೆ ಬಿಟ್ಟಳು.

“ಹಿಂಗ ಎತ್ತಿನ ಗಾಡಿ ಹಂಗ ಹೊಂಟ್ರ ಶೆಡ್ಡಿನ್ಯಾಂವ ಬ್ಯಾರೇದವರಿಗೆ ಕೊಟ್ಟಬಿಡ್ತಾನ,” ಎಂದಳು. “ಜರಾ ಜೋರ್ಲೆ ಹೋಗ್ರಿ.”

ನಾನು ಜೋರು ಮಾಡಲಿಲ್ಲ. ನನಗಿನ್ನೂ ನೋಡುವುದಿತ್ತು.