ಸಂಪಿಗೆ ಮರವನ್ನು ಹೆದರಿಸಿದ್ದು

ದೆವ್ವ, ಶಕುನ, ದೃಷ್ಟಿ ತಾಗುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ಬಹಳ ವರ್ಷ ವಾದಿಸುತ್ತಿದ್ದೆ. ಎದುರಿಗಿದ್ದವರು ಸೋತು ಎದ್ದು ಹೋಗುವ ತನಕ ಬಿಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು ನಾನು. ಅಳತೆಗೆ ಸಿಗದ ವಸ್ತು ಜಗತ್ತಿನಲ್ಲಿಲ್ಲ ಎಂಬುದು ನನ್ನ ಸಿದ್ಧಾಂತ. ಈಗ ಹೇಳುವ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಹಾಗಾಗಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹೂಡಿಯಲ್ಲಿ ಮುನಿಯಮ್ಮ ಎಂಬ ರೈತ ಹೆಂಗಸಿನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿ ಶಾರದೆಯೂ ಬಾಡಿಗೆಗಿದ್ದೆವು. ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ. ಮುನಿಯಮ್ಮನ ಮಗ ಕೃಷ್ಣಪ್ಪ ಲಾರಿ ಓಡಿಸುತ್ತಿದ್ದ. ಲಾರಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಕ್ಕೆ ನಾನು ಅವನನ್ನು ಗೇಲಿ ಮಾಡದ ವಾರವಿರಲಿಲ್ಲ. ಒಳ್ಳೆಯ ಹುಡುಗ, ನಕ್ಕು ಸುಮ್ಮನಾಗುತ್ತಿದ್ದ.

ನಮ್ಮ ಕೋಣೆಗಳ ಮುಂದಿನ ಖಾಲಿ ಜಾಗವನ್ನು ಶಾರದೆ ಎರಡು ವರ್ಷದಲ್ಲಿ ಹೂದೋಟ ಮಾಡಿಬಿಟ್ಟಿದ್ದಳು. ದುಂಡುಮಲ್ಲಿಗೆ, ಕನಕಾಂಬರ, ಕಾಕಡ, ಡಬ್ಬಗಳಲ್ಲಿ ಡೇಲಿಯಾ. ಕದ್ದು ತಂದ ಗಿಡವೇ ಚೆನ್ನಾಗಿ ಹತ್ತುತ್ತದೆ ಎಂಬ ನಂಬಿಕೆ ಅವಳದು. ವೈಟ್‌ಫೀಲ್ಡಿನ ಹಳೇ ಬಂಗಲೆಗಳ ಬೇಲಿಯಿಂದ ಅವಳು ಕಡ್ಡಿ ಮುರಿಯುವಾಗ ಕಾವಲು ನಿಲ್ಲುವ ಕೆಲಸ ನನ್ನದು. ಬೇಸಿಗೆಯ ಕೊನೆಗೆ ಬಾವಿಯ ನೀರು ತಳ ಕಂಡಾಗಲೂ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಗಿಡದ ಬುಡಕ್ಕೇ. ನನ್ನ ಸ್ನಾನದ ನೀರಿಗೂ ಒಂದು ಕಾಲುವೆ ತೋಡಿದ್ದಳು.

ತೋಟದ ನಡುವೆ ಒಂದು ಸಂಪಿಗೆ ಮರ. ಮುನಿಯಮ್ಮನ ಅತ್ತೆ ಬೀಜದಿಂದ ಬೆಳೆಸಿದ್ದಂತೆ. ಆ ಮುದುಕಿ ನಾವು ಬರುವ ಮೊದಲೇ ತೀರಿಕೊಂಡಿದ್ದಳು. ಮರ ಮಾತ್ರ ಮನೆಯೆತ್ತರಕ್ಕೆ ಬೆಳೆದು, ಒಂದೇ ಒಂದು ಹೂವನ್ನೂ ಬಿಡದೆ, ಹಬ್ಬಕ್ಕೆ ಬಂದ ಸೋಮಾರಿ ನೆಂಟನ ಹಾಗೆ ನಿಂತಿತ್ತು.

ಆ ವರ್ಷ ಮೇ ತಿಂಗಳಲ್ಲಿ ಕೃಷ್ಣಪ್ಪ ಬಂದು ಸಂಕೋಚದಿಂದಲೇ ಹೇಳಿದ. ಕಾರ್ಖಾನೆಯವರು ಬಾಡಿಗೆ ಮನೆ ಕೇಳಿಕೊಂಡು ಬರುತ್ತಿದ್ದಾರೆ, ಈ ತೋಟದ ಜಾಗದಲ್ಲಿ ಎರಡು ರೂಮು ಏಳಿಸಬೇಕು, ರೋಹಿಣಿ ಮಳೆ ಶುರುವಾಗುವ ಮೊದಲು ಪಾಯ ತೆಗೆಸುತ್ತೇನೆ ಎಂದ.

"ಊವು ಬಿಡೋ ಮರ ಆಗಿದ್ರೆ ಮುಟ್ತಿರ್ಲಿಲ್ಲ ಸಾರ್. ಇದು ಬರೀ ಎಲೆ ಉದುರ್ಸ್ತೈತೆ."

ಮರ ಹೋದರೆ ತೋಟವೂ ಹೋಯಿತು. ಶಾರದೆ ಆ ದಿನ ಅಡಿಗೆ ಮಾಡಿದಳು, ಬಡಿಸಿದಳು, ಮಾತಾಡಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಉಪಾಯ ಹೇಳಿದ್ದು ಮುನಿಯಮ್ಮ. ಹೂ ಬಿಡದ ಮರವನ್ನು ಹೆದರಿಸಬೇಕು. ನಡುಮಧ್ಯಾಹ್ನ, ನೆರಳು ಬುಡಕ್ಕೆ ಬಂದಾಗ, ಒಬ್ಬ ಗಂಡಸು ಮಚ್ಚು ಎತ್ತಿ "ಹೂ ಬಿಡದ ಮರ ಯಾತಕ್ಕೆ, ಕಡಿದುಹಾಕ್ತೀನಿ" ಎಂದು ಗದರಬೇಕು. ಆಗ ಅಡಗಿರುವ ಹೆಂಗಸೊಬ್ಬಳು ಹಿಂದಿನಿಂದ ಬಂದು "ಬೇಡ, ಈ ಸಲ ಬಿಡುತ್ತೆ, ನಾನು ಜವಾಬು" ಎಂದು ತಡೆಯಬೇಕು. ಗದರಿದವನು ಮಚ್ಚನ್ನು ಬುಡದಲ್ಲಿಟ್ಟು, ತಿರುಗಿ ನೋಡದೆ ಮನೆಯೊಳಕ್ಕೆ ಹೋಗಬೇಕು.

"ಅದಕ್ಕೆ ಕೃಷ್ಣಪ್ಪನೇ ಇದ್ದಾನಲ್ಲ?" ಎಂದೆ.

"ಮನೆ ಮಕ್ಳು ಗದರಿದ್ರೆ ಮರ ನಂಬಾಕಿಲ್ಲ ಸಾರ್. ನೀವು ಒರಗ್ನೋರು, ನಿಮ್ಗೆ ಎದರ್ತೈತೆ," ಎಂದಳು ಮುನಿಯಮ್ಮ.

ಇಷ್ಟು ಚೆಂದದ ತರ್ಕವನ್ನು ನಾನು ಯೂನಿಯನ್ ಸಭೆಯಲ್ಲೂ ಕೇಳಿರಲಿಲ್ಲ. ಶಾರದೆಯ ಮುಖ ನೋಡಿ ಒಪ್ಪಿದೆ. ನಾಟಕದಲ್ಲಿ ರಾಜನ ಪಾರ್ಟು ಸಿಕ್ಕಿದಷ್ಟು ಖುಷಿಯೂ ಆಯಿತೆನ್ನಿ.

ಮಂಗಳವಾರವೆಂದು ನಿಶ್ಚಯವಾಯಿತು. ನನಗೆ ಎರಡನೇ ಪಾಳಿ. ಬೆಳಿಗ್ಗೆಯೇ ಶಾರದೆಯೂ ಮುನಿಯಮ್ಮನೂ ಸೀಮೆಎಣ್ಣೆ ತರಲು ಕಾಡುಗೋಡಿಗೆ ಹೊರಟರು. ಹೋಗುವಾಗ ಶಾರದೆ, "ಹನ್ನೆರಡರ ಸೈರನ್ ಆದ ತಕ್ಷಣ ಶುರು ಮಾಡಿ. ನಾನು ಮನೆ ಹಿಂದೆ ಬಂದು ನಿಂತಿರ್ತೀನಿ, ನನ್ನ ಹುಡುಕ್ಬೇಡಿ, ಮರಕ್ಕೆ ಗೊತ್ತಾಗಿಬಿಡುತ್ತೆ," ಎಂದು ಎರಡು ಸಲ ಹೇಳಿ ಹೋದಳು.

ಸೈರನ್ ಕೂಗಿತು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಮಚ್ಚು ಹಿಡಿದು ಮರದ ಮುಂದೆ ನಿಂತೆ. ನೋಡುವವರು ಯಾರೂ ಇಲ್ಲವೆಂದು ಧೈರ್ಯವಾಗಿ ಗದರಿದೆ. ಹೇಳಿಕೊಟ್ಟದ್ದರ ಜೊತೆಗೆ ನನ್ನದೂ ನಾಲ್ಕು ಬೈಗುಳ ಸೇರಿಸಿ ಮಚ್ಚು ಎತ್ತಿದೆ.

ಹಿಂದಿನಿಂದ ದನಿ ಬಂತು. ವಯಸ್ಸಾದ ಹೆಂಗಸಿನದು, ಸ್ವಲ್ಪ ಒಡಕು.

"ಮಚ್ಚು ಅಂಗೆ ಇಡೀಬ್ಯಾಡ ಕಣಪ್ಪ, ಎಬ್ಬೆಟ್ಟು ಓಯ್ತದೆ. ತಾಳು, ರೋಯಿಣಿ ಮಳೆ ಬೀಳ್ಲಿ, ಬುಡ್ತೈತೆ."

ಶಾರದೆಯ ಬದಲು ಮುನಿಯಮ್ಮನೇ ಬಂದಳೆಂದುಕೊಂಡೆ. ಕೈ ನೋಡಿದರೆ ನಿಜವಾಗಿಯೂ ಹೆಬ್ಬೆಟ್ಟು ಅಲಗಿನ ಕಡೆ ಚಾಚಿತ್ತು. ವಿಧೇಯ ವಿದ್ಯಾರ್ಥಿಯ ಹಾಗೆ ಹಿಡಿತ ಸರಿಮಾಡಿ, ಮಚ್ಚನ್ನು ಬುಡದಲ್ಲಿಟ್ಟು, ತಿರುಗಿ ನೋಡದೆ ಒಳಗೆ ಬಂದೆ. ಊಟ ಮುಗಿಸಿ, ತಗಡಿನ ಗೇಟಿನ ಚಿಲಕ ತೆಗೆದು ಬಸ್ ನಿಲ್ದಾಣಕ್ಕೆ ನಡೆದೆ. ಆ ಚಿಲಕ ಒಳಗಿನಿಂದ ಹಾಕಿತ್ತು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ನಿಲ್ದಾಣದಲ್ಲಿ ಕಾಡುಗೋಡಿ ಕಡೆಯಿಂದ ಬಂದ ಬಸ್ಸು ನಿಂತಿತು. ಸೀಮೆಎಣ್ಣೆ ಡಬ್ಬ ಹಿಡಿದು ಶಾರದೆ ಇಳಿದಳು, ಹಿಂದೆಯೇ ಮುನಿಯಮ್ಮ ಇಳಿದಳು.

"ರೀ, ಕ್ಯೂ ಮುಗೀಲೇ ಇಲ್ಲ ಕಣ್ರೀ. ಪಾಪ, ಒಬ್ರೇ ಏನ್ ಮಾಡಿದ್ರಿ?" ಎಂದಳು ಶಾರದೆ.

ಅಷ್ಟರಲ್ಲಿ ನನ್ನ ಬಸ್ಸು ಬಂತು. ಓಡಿಹೋಗಿ ಹತ್ತಿಬಿಟ್ಟೆ. ಆ ದಿನ ಲೇತಿನ ಮೇಲೆ ಮೂರು ಷಾಫ್ಟು ಹಾಳುಮಾಡಿದೆ. ಪಕ್ಕದ ಮೆಷಿನ್ನಿನವನು, "ಏನ್ ಗುರು, ಮನೇಲಿ ಜಗಳಾನಾ?" ಎಂದು ಕೇಳಿದ. ಹೌದು ಎಂದೆ. ಅದು ಹೇಳುವುದು ಸುಲಭವಾಗಿತ್ತು.

ಮರುದಿನ ಶಾರದೆಗೆ ನಡೆದದ್ದನ್ನು ಹೇಳಿ ತನಿಖೆ ಶುರುಮಾಡಿದೆ. ಸುತ್ತಲ ಕಲ್ಲುಚಪ್ಪಡಿಯ ಬೇಲಿಯನ್ನು ಟೇಪು ಹಿಡಿದು ಅಳೆದೆ. ಮುದುಕಿ ಹಾಗಿರಲಿ, ನಾನೂ ಹಾರಲಾರೆ. ಆಚೆ ಉತ್ತು ಬಿಟ್ಟ ಹೊಲ. ಅಲ್ಲಿಂದ ಕೂಗಿದರೆ ಕೇಳಿಸುತ್ತದೆಯೇ ನೋಡೋಣವೆಂದು ಶಾರದೆಯನ್ನು ಹೊಲದಲ್ಲಿ ನಿಲ್ಲಿಸಿ, "ಎಬ್ಬೆಟ್ಟು ಓಯ್ತದೆ" ಎಂದು ಕೂಗಿಸಿದೆ. ದಾರಿಹೋಕರು ನಿಂತು ನೋಡಿದರು. ಕೂಗು ಕೇಳಿಸಿತು, ಆದರೆ ದೂರದಿಂದ. ನಾನು ಕೇಳಿದ್ದು ಬೆನ್ನ ಹಿಂದೆ, ಒಂದು ಮಾರು ಅಂತರದಲ್ಲಿ.

ಇದನ್ನೆಲ್ಲ ನಮ್ಮಿಬ್ಬರಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಗುರುವಾರ ಕೃಷ್ಣಪ್ಪ ಪಾಯಕ್ಕೆ ಕಲ್ಲು ತಂದು ಬೀದಿಯಲ್ಲಿ ಇಳಿಸಿದ. ಶುಕ್ರವಾರ ಮರ ಕಡಿಯುವವರು ಬರುತ್ತಾರೆಂದ. ರೋಹಿಣಿ ಮಳೆಗೆ ಇನ್ನೂ ವಾರವಿತ್ತು. ಅವನನ್ನು ತಡೆಯಬೇಕಾದರೆ ಕಾರಣ ಹೇಳಬೇಕು. ನಿಂಬೆಹಣ್ಣು ಕಟ್ಟಿದ್ದಕ್ಕೆ ನಾನು ಅಷ್ಟು ಗೇಲಿ ಮಾಡಿದ್ದ ಹುಡುಗನ ಮುಂದೆಯೇ ಕೂತು ಹೇಳಬೇಕು. ಶಾರದೆ ಬಾಗಿಲಲ್ಲಿ ನಿಂತಿದ್ದಳು. ಮಾನ ಬಿಟ್ಟು ಎಲ್ಲ ಹೇಳಿದೆ.

ಅವನು ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ಆ ಮಾತನ್ನು ಇನ್ನೊಂದು ಸಲ ಹೇಳಿಸಿದ. ಮೂರನೆಯ ಸಲವೂ ಹೇಳಿಸಿದ. ಆಮೇಲೆ ಎದ್ದುಹೋಗಿ, ಮರ ಕಡಿಯುವವರಿಗೆ ಈ ತಿಂಗಳು ಬರಬೇಡಿ ಎಂದು ಹೇಳಿ ಕಳಿಸಿದ. ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಸಂಪಿಗೆ ಬೆಳೆಸಿದ ಆ ಅಜ್ಜಿಯಂತೆ. ಅವಳು ತೀರಿಕೊಂಡಾಗ ಲಾರಿಯ ಮೇಲೆ ಬೊಂಬಾಯಿ ಕಡೆ ಹೋಗಿದ್ದ, ಮಣ್ಣು ಹಾಕುವುದಕ್ಕೂ ಬರಲಾಗಲಿಲ್ಲ. ಇದನ್ನು ಆಮೇಲೆ ಮುನಿಯಮ್ಮ ಹೇಳಿದಳು.

ರೋಹಿಣಿ ಮಳೆ ಎರಡು ಸಂಜೆ ಜೋರಾಗಿ ಸುರಿಯಿತು. ಮೂರನೆಯ ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ನನಗೆ ಒಳಗೊಳಗೇ ಸಮಾಧಾನವೇ ಆಯಿತು, ಸಿದ್ಧಾಂತ ಉಳಿಯಿತಲ್ಲ ಎಂದು. ಆರನೆಯ ದಿನ ಬೆಳಿಗ್ಗೆ ಶಾರದೆ ಹೊರಗಿನಿಂದ ಕೂಗಿದ ಕೂಗಿಗೆ ನಾನು ಹಾವು ಬಂತೆಂದು ದೊಣ್ಣೆ ಹಿಡಿದು ಓಡಿದೆ. ಮೇಲಿನ ಕೊಂಬೆಯಲ್ಲಿ ಮೂರು ಹೂ. ಅಂಗಳದ ತುಂಬ ವಾಸನೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಹೂಡಿಯೇ ನಮ್ಮ ತೋಟದಲ್ಲಿತ್ತು. ಕೃಷ್ಣಪ್ಪ ಕಲ್ಲುಗಳನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ಸಾಗಿಸಿ, ಅಲ್ಲೇ ರೂಮು ಕಟ್ಟಿಸುತ್ತೇನೆಂದ. ಶಾರದೆ ಹೋಳಿಗೆ ಮಾಡಿದಳು.

ಆ ಸಂಜೆ ನಾನು ಜಗುಲಿಯ ಮೇಲೆ ಒಬ್ಬನೇ ಕೂತಿದ್ದಾಗ ಕೃಷ್ಣಪ್ಪ ಬಂದು ನಿಂತ.

"ಸಾರ್, ಅಜ್ಜಿ ಇನ್ನೇನಾರ ಅಂದ್ಲಾ? ನನ್ ಬಗ್ಗೆ ಏನಾರ ಕೇಳಿದ್ಲಾ?"

ಆ ದನಿ ಇನ್ನೇನೂ ಹೇಳಿರಲಿಲ್ಲ. ಅದು ಅಜ್ಜಿಯದೆಂದು ನಾನು ಒಪ್ಪಿಯೂ ಇರಲಿಲ್ಲ. ಆದರೆ ಅವನ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಊಟ ಮಾಡಿದನಾ ಎಂದು ಕೇಳಿದರು ಅಂತ ಒಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಜೇಬಲ್ಲಿ ಈರುಳ್ಳಿ ಇಟ್ಕೊಂಡಿದಾನಾ ಅಂತ ಕೇಳಿದ್ರು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸತ್ತವರು ಯಾರಾದರೂ ಈರುಳ್ಳಿ ಕೇಳುತ್ತಾರೆಯೇ? ಕೃಷ್ಣಪ್ಪ ಅಂಗಿಯ ಜೇಬಿಗೆ ಕೈಹಾಕಿ, ಸಿಪ್ಪೆ ಬಿಡತೊಡಗಿದ್ದ ಸಣ್ಣ ಈರುಳ್ಳಿಯೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

"ಬಿಸ್ಲು ಬಡೀಬಾರ್ದು ಅಂತ ಅವ್ಳೇ ಮಡಗ್ತಿದ್ಲು ಸಾರ್. ಬ್ಯಾಸ್ಗೇಲಿ ಇವತ್ಗೂ ಬುಟ್ಟಿಲ್ಲ," ಎಂದು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ, ಎರಡೂ ಇತ್ತು. ನನ್ನ ಕಣ್ಣೂ ಒದ್ದೆಯಾಯಿತು.

ಬೆನ್ನ ಹಿಂದೆ ಬಂದ ದನಿಗೆ ಬಿಸಿಲು, ಭ್ರಮೆ, ಗಾಳಿ ಎಂದು ಇವತ್ತಿಗೂ ಏನಾದರೊಂದು ಹೇಳಿಕೊಳ್ಳುತ್ತೇನೆ. ಆದರೆ ಈರುಳ್ಳಿಯ ಮಾತನ್ನು ಆಡಿದವನು ನಾನೇ. ಅದು ನನ್ನ ಬಾಯಿಗೆ ಎಲ್ಲಿಂದ ಬಂತೆಂದು ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಿಲ್ಲ.