ಕೋಶದ ಕೋಣೆ, ತೊಟ್ಟಿಲ ಮನೆ

ಇಂಗ್ಲೆಂಡಿನ ಈ ಊರಿನಲ್ಲಿ ನನಗೆ ಮೊದಲು ಪರಿಚಯ ಮಾಡಿಸಿದ್ದು ಸತ್ತ ಹೆಂಗಸೊಬ್ಬಳ ಕ್ಯಾನ್ಸರ್ ಗಡ್ಡೆಯನ್ನು. ಅವಳು ಹೋಗಿ ವರ್ಷಗಳೇ ಆಗಿದ್ದವು. ಗಡ್ಡೆಯ ಕೋಶಗಳು ಮಾತ್ರ ಗಾಜಿನ ಬಾಟಲಿಯೊಳಗೆ ಗುಲಾಬಿ ಬಣ್ಣದ ದ್ರವ ಕುಡಿದುಕೊಂಡು ಹಾಯಾಗಿ ಬೆಳೆಯುತ್ತಿದ್ದವು. "ಇವಕ್ಕೆ ಭಾನುವಾರವೂ ಊಟ ಹಾಕಬೇಕು" ಎಂದರು ಲ್ಯಾಬಿನ ಮೇಡಂ. ನನ್ನ ಊಟದ ಗತಿ ಏನೆಂದು ಯಾರೂ ಕೇಳಲಿಲ್ಲ.

ಬೆಂಗಳೂರಿನ ಲ್ಯಾಬಿನಿಂದ ವಿನಿಮಯ ತರಬೇತಿಗೆ ಬಂದವಳು ನಾನು. ಕೋಶ ಬೆಳೆಸುವುದನ್ನು ಕಲಿತು, ಹೋಗಿ ಅಲ್ಲಿಯವರಿಗೆ ಕಲಿಸಬೇಕು. ನನಗೆ ಸಿಕ್ಕ ಮನೆಗೆ ಇಲ್ಲಿ ಬೆಡ್‌ಸಿಟ್ ಎನ್ನುತ್ತಾರೆ: ಮಂಚ, ಒಲೆ, ಕುರ್ಚಿ ಎಲ್ಲವೂ ಒಂದೇ ಕೋಣೆಯಲ್ಲಿ. ರಾಜಾಜಿನಗರದಲ್ಲಿ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ "ಏನ್ರೀ ಸಾರು ಇವತ್ತು?" ಎಂದು ಕೇಳಿದರೆ ನನಗೆ ರೇಗುತ್ತಿತ್ತು. ಇಲ್ಲಿ ಗೋಡೆಯಾಚೆ ಕೆಮ್ಮುವವನ ಮುಖವನ್ನೂ ನಾನು ಕಂಡಿಲ್ಲ. ಬಸ್ ಕಂಡಕ್ಟರ್ ಮಾತ್ರ "ಲವ್" ಎಂದು ಕರೆಯುತ್ತಾನೆ. ಗಾಬರಿಯಾಗಬೇಡಿ, ನಮ್ಮಲ್ಲಿ "ಟಿಕೆಟ್ ಅಮ್ಮಾ" ಎಂದ ಹಾಗೆ, ಅಷ್ಟೆ.

ಕೋಶದ ಕೋಣೆಯ ನಿಯಮಗಳು ನನಗೆ ಕಷ್ಟವಾಗಲಿಲ್ಲ. ಮೊಣಕೈವರೆಗೆ ತೊಳೆ, ಅಲ್ಲಿ ಇಲ್ಲಿ ಮುಟ್ಟಬೇಡ, ಬಾಯಿ ಮುಚ್ಚಿಕೊಂಡಿರು. ನಮ್ಮಜ್ಜಿಯ ಮಡಿಯೇ, ಒದ್ದೆ ಸೀರೆ ಒಂದಿಲ್ಲ. ಕಷ್ಟವಾದದ್ದು ದೋಸೆ ಹಿಟ್ಟು. ಈ ಚಳಿಗೆ ಅದು ಜಪ್ಪಯ್ಯ ಅಂದರೂ ಹುಳಿ ಬರುತ್ತಿರಲಿಲ್ಲ. ಕೊನೆಗೆ ಪಾತ್ರೆಗೆ ಕಂಬಳಿ ಸುತ್ತಿ ಹೀಟರಿನ ಪಕ್ಕ ಇಟ್ಟಾಗ ಉಕ್ಕಿತು. ಸಂತೋಷ ತಡೆಯಲಾರದೆ ಟೀ ಕುಡಿಯುವಾಗ ಎಲ್ಲರಿಗೂ ಹೇಳಿದೆ: "ಕೈಯಲ್ಲೇ ಕಲಸಬೇಕು. ಹುಳಿ ಬರಿಸುವ ಸೂಕ್ಷ್ಮಜೀವಿಗಳು ಕೈಯಿಂದಲೂ ಸೇರುತ್ತವೆ." ಸೂಕ್ಷ್ಮಜೀವಿ ಎಂದರೆ ಬೆಚ್ಚುವವರ ಮುಂದೆ ಹೀಗೆ ಜಂಬ ಕೊಚ್ಚಿಕೊಳ್ಳುವವರು ನಮ್ಮವರೇ ಇರಬೇಕು.

ಅದೇ ವಾರ ಬಾಟಲಿಗಳ ದ್ರವ ಕದಡಿತು, ಅಂದರೆ ಹೊರಗಿನದೇನೋ ಒಳಗೆ ಸೇರಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್, ಹಿಟ್ಟು ಉಬ್ಬಿಸುವ ಜಾತಿಯದು. ಮೇಡಂ ನನ್ನ ಕೈ ನೋಡಿದರು, ಮುಖವನ್ನಲ್ಲ. "ನಾಳೆಯಿಂದ ನೀನು ಗಾಜು ತೊಳೆ" ಎಂದರು. ಚಳಿಗಾಲವಿಡೀ ತೊಳೆದೆ. ನಾನು ಒಳಗೆ ಕಾಲಿಡದಿದ್ದರೂ ಬಾಟಲಿಗಳು ಮತ್ತೆ ಕದಡಿದವು. ಅವನ್ನು ಬೆಚ್ಚಗಿಡುವ ತೊಟ್ಟಿಯ ನೀರನ್ನು ಯಾರೂ ಬದಲಿಸಿರಲಿಲ್ಲ. ಯೀಸ್ಟ್ ಅಲ್ಲಿ ಸಂಸಾರ ಹೂಡಿತ್ತು. ನೀರು ಚೆಲ್ಲಿದರು, ನನ್ನನ್ನು ಒಳಗೆ ಕರೆದರು. "ಇಂಥದ್ದೆಲ್ಲ ಆಗುತ್ತಿರುತ್ತದೆ" ಎಂದರು ಮೇಡಂ. ನನಗೆ ಮೈಯೆಲ್ಲ ಉರಿದುಹೋಯಿತು.

ತರಬೇತಿಯ ಮೊದಲ ಅವಧಿ ಮುಗಿದದ್ದೇ ಊರಿಗೆ ಓಡಿದೆ. ತಮ್ಮನಿಗೆ ಹೆಣ್ಣುಮಗು ಹುಟ್ಟಿತ್ತು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನಾನು. ಗಾಜು ತೊಳೆಯುತ್ತಾ ಆ ಹೆಸರನ್ನು ಎಷ್ಟು ಸಲ ಹೇಳಿಕೊಂಡಿದ್ದೆನೋ.

ನಾಮಕರಣ ನಡೆದದ್ದು ವಿಜಯನಗರದಲ್ಲಿ, ತಮ್ಮನ ಹೆಂಡತಿಯ ತವರಿನಲ್ಲಿ. ನಾನು ಮಗುವಿಗೆ ಕೈ ಚಾಚಿದೆ. ತಮ್ಮನ ಅತ್ತೆ ಮಗುವನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಬೇಜಾರ್ ಮಾಡ್ಕೋಬೇಡಿ ಕಣಮ್ಮಾ. ನೀವು ದಿನಾ ಆ ಕಾಯಿಲೆ ಮುಟ್ಟೋರು. ಕೂಸು ಇನ್ನೂ ಎಳೇದು."

"ಕ್ಯಾನ್ಸರ್ ಅಂಟೋ ರೋಗ ಅಲ್ಲಾರೀ. ಕೈ ತೊಳ್ಕೊಂಡೇ ಬಂದಿದೀನಿ."

"ನೀವು ಓದಿರೋರು, ಇರಬೋದು. ಆದ್ರೂ..."

ತಮ್ಮನ ಕಡೆ ನೋಡಿದೆ. ಅವನು ಬಾಗಿಲಿನ ತೋರಣ ಸರಿಮಾಡತೊಡಗಿದ. ಅಮ್ಮ ನನ್ನ ಸೆರಗು ಎಳೆದು, "ಸುಮ್ನಿರೇ. ದೂರದಿಂದ್ಲೇ ಅಕ್ಷತೆ ಹಾಕು, ಸಾಕು" ಎಂದಳು. ಚಿಕ್ಕಪ್ಪನ ಮಗಳು ಹೆಸರು ಹೇಳಿದಳು. ನಾನು ಎಸೆದ ಅಕ್ಷತೆ ತೊಟ್ಟಿಲಿನವರೆಗೆ ತಲುಪಲೂ ಇಲ್ಲ.

ಈಗ ಮತ್ತೆ ಇಲ್ಲಿದ್ದೇನೆ. ಇನ್ನೊಂದು ವರ್ಷ ಇರುತ್ತೀಯಾ ಎಂದು ಮೇಡಂ ಕೇಳಿದ್ದಾರೆ. ಬೇಗ ಬಾ ಎಂದು ಬೆಂಗಳೂರಿನ ಲ್ಯಾಬಿನವರು ಕರೆದಿದ್ದಾರೆ. ಇಲ್ಲಿರಲು ಮನಸ್ಸಿಲ್ಲ, ಅಲ್ಲಿಗೆ ಹೋಗಲು ಕಾಲು ಬರುತ್ತಿಲ್ಲ. ನಿನ್ನೆ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಚಿಲ್ಲರೆ ತೆಗೆಯಲೆಂದು ನನ್ನನ್ನು ಕೇಳದೆಯೇ ತನ್ನ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಅವಳು ಮತ್ತೆ ಎತ್ತಿಕೊಳ್ಳುವವರೆಗೂ ನಾನು ಎರಡೂ ಕೈಗಳನ್ನು ಮಗುವಿಗೆ ತಾಗದಂತೆ ಮೇಲೆತ್ತಿ ಹಿಡಿದು ಕುಳಿತಿದ್ದೆ.